ಮನೆಯಿಲ್ಲದ ಬಾಗಿಲು

ಮನುಷ್ಯನು ತನ್ನ ಸುತ್ತಲಿನ ವಸ್ತುಗಳನ್ನು ಕಡಿಮೆ ಮಾಡಿಕೊಂಡಷ್ಟೂ ಅವನ ಮನಶ್ಶಾಂತಿ ಹೆಚ್ಚುತ್ತದೆ ಎಂಬುದು ಬಲ್ಲವರೆಲ್ಲ ಒಪ್ಪಿರುವ ಮಾತು. ಇದನ್ನು ನನಗೆ ಮೊದಲು ಉಪದೇಶಿಸಿದ ಮಹನೀಯರ ಮನೆಗೆ ನಾನೊಮ್ಮೆ ಹೋಗಿದ್ದೆ. ಕುಳಿತುಕೊಳ್ಳಲು ಜಾಗವಿರಲಿಲ್ಲ. ನಿಂತುಕೊಂಡೇ ಉಪದೇಶ ಕೇಳಿ ಬಂದೆ.

ನನ್ನ ಮನೆಯೂ ಈಗ ಆ ದಾರಿ ಹಿಡಿದಿದೆ. ಮೊನ್ನೆ ನಮ್ಮಲ್ಲಿಗೆ ಕಬ್ಬಿಣದ ಬೀರುವೊಂದು ಬಂತು. ಸೊಸೆ ಆಸೆಪಟ್ಟು ಸೇಲಂನಿಂದ ತರಿಸಿದ್ದು. ಹಸಿರು ಬಣ್ಣ, ಮುಂದೆ ಆಳುದ್ದ ಕನ್ನಡಿ. ನಾನು ಬೇಡವೆಂದು ವಿರೋಧಿಸಿದೆ. ನನ್ನ ವಿರೋಧವನ್ನು ಯಾರೂ ಗಮನಿಸಲಿಲ್ಲವಾದ್ದರಿಂದ ವಿಷಯ ಸೌಹಾರ್ದದಿಂದಲೇ ಮುಗಿಯಿತು. ಮಧ್ಯಾಹ್ನ ಊಟ ಮುಗಿಸಿ ಚಾಪೆಯ ಮೇಲೆ ಒರಗಿದ್ದೆ. ಬಿಸಿಲಿಗೆ ತಗಡು ಕಾದು, ಬೀರುವಿನ ಒಳಗಿಂದ ಟಕ್, ಟಕ್ ಎಂದು ಸದ್ದಾಯಿತು. ಕಾದ ತಗಡು ಸದ್ದು ಮಾಡುತ್ತದೆ, ಅದರಲ್ಲಿ ವಿಶೇಷವಿಲ್ಲ. ವಿಶೇಷವೇನೆಂದರೆ, ನಾನು ಅರೆನಿದ್ದೆಯಲ್ಲಿ ಎದ್ದು ಕೂತು, "ತಾಳಿ, ಬಂದೆ, ಚಿಲಕ ತೆಗೀತೀನಿ" ಎಂದೆನಂತೆ.

ಸೊಸೆ ಅಡುಗೆಮನೆಯಿಂದ ಇಣುಕಿ, "ಯಾರ್ ಮಾವ ಕರುದ್ರು? ಬೀರುವಾ?" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಗೋಡೆಯ ಮೊಳೆಯ ಕಡೆ ನೋಡಿದೆ. ಅಲ್ಲಿ ಒಂದು ತುಕ್ಕು ಹಿಡಿದ ಸರಪಳಿ ಚಿಲಕ ಬಹಳ ವರ್ಷಗಳಿಂದ ತೂಗುತ್ತಿದೆ. ಮನೆಗೆ ಬಂದವರೆಲ್ಲ ಅದು ಏನೆಂದು ಕೇಳುತ್ತಾರೆ. ಚಿಲಕ ಎನ್ನುತ್ತೇನೆ. ಅದು ಅವರಿಗೂ ಕಾಣುತ್ತದೆ. ಯಾವ ಬಾಗಿಲಿನದು ಎಂಬುದನ್ನು ಮಾತ್ರ ಇದುವರೆಗೆ ಹೇಳಿರಲಿಲ್ಲ.

ಆ ಬಾಗಿಲು ನನ್ನ ಸೋದರಮಾವ ಮಾದಪ್ಪನವರದು. ಅವರ ಮನೆ ಕಾವೇರಿಯ ದಂಡೆಯ ಒಂದು ಹಳ್ಳಿಯಲ್ಲಿತ್ತು. ಇತ್ತು ಎಂದೆ, ಈಗಲೂ ಅಲ್ಲೇ ಇದೆ, ಮೇಲೆ ನೀರಿದೆ ಅಷ್ಟೆ. ಚಿಕ್ಕವನಾಗಿದ್ದಾಗ ಬೇಸಿಗೆ ಬಂತೆಂದರೆ ನನ್ನನ್ನು ಅಲ್ಲಿಗೆ ಅಟ್ಟುತ್ತಿದ್ದರು. ಮನೆ ದೊಡ್ಡದು, ಬಾಗಿಲು ಗಿಡ್ಡ. ಒಳಗೆ ಬರುವವರೆಲ್ಲ ತಲೆ ಬಗ್ಗಿಸಲೇಬೇಕು. ಬಗ್ಗಿಸಲು ಮರೆತವರ ಹಣೆಯ ಎಣ್ಣೆ ತಾಗಿ ತಾಗಿ ಮೇಲಿನ ಅಡ್ಡಪಟ್ಟಿ ಒಂದು ಕಡೆ ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಒಂದು ಬೇಸಿಗೆ ನನ್ನ ಹಣೆಯೂ ಠಣ್ ಎಂದಿತು. ಮಾವ ಊರಿಗೆಲ್ಲ ಕೇಳುವಂತೆ, "ಲೇ, ನನ್ನ ಅಳಿಯ ಗಂಡ್ಸಾದ ಕಣ್ರಲಾ!" ಎಂದು ಸಾರಿ ಬೆಲ್ಲ ಹಂಚಿದರು. ನಾನು ಬುಗುಟು ಹಿಡಿದುಕೊಂಡು ಅಳುತ್ತಲೇ ಬೆಲ್ಲ ತಿಂದೆ. ಗಂಡಸುತನದ ಬಗ್ಗೆ ನನಗೆ ಆಮೇಲೂ ಹೆಚ್ಚಿಗೆ ತಿಳಿದದ್ದಿಲ್ಲ.

ಆ ಬಾಗಿಲಿನ ಹೊಸ್ತಿಲಿಗೆ ನಮ್ಮಜ್ಜಿ, ಅಂದರೆ ಮಾವನ ತಾಯಿ, ಶುಕ್ರವಾರ ಶುಕ್ರವಾರ ಅರಿಶಿನ ಬಳಿದು ಕುಂಕುಮವಿಡುತ್ತಿದ್ದಳು. ಅಜ್ಜಿಯ ಅತ್ತೆಯೂ, ಅವಳ ಅತ್ತೆಯೂ ಅದನ್ನೇ ಮಾಡಿದ್ದರು. ಮರ ಯಾವುದು, ಅರಿಶಿನ ಯಾವುದು ಎಂದು ಹೇಳಲಾಗದಷ್ಟು ಅದು ಹಳದಿಯಾಗಿತ್ತು. ಬರುವಾಗ ಅದನ್ನು ದಾಟಿ ಬರಬೇಕು, ಹೋಗುವಾಗ ದಾಟಿ ಹೋಗಬೇಕು. ಗೋಡೆ ಹಾರಿಯೋ ಹಿತ್ತಿಲಿಂದಲೋ ಹೋದವನು ಹೋದ ಲೆಕ್ಕಕ್ಕಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ಅಜ್ಜಿ ಸತ್ತಾಗ ಅವಳನ್ನೂ ಆ ಹೊಸ್ತಿಲ ಮೇಲೆಯೇ, ತಲೆ ಬಗ್ಗಿಸಿಕೊಂಡೇ, ಎತ್ತಿಕೊಂಡು ಹೋದರು.

ಅದಾದ ಸ್ವಲ್ಪ ದಿನಕ್ಕೆ ಮೆಟ್ಟೂರಿನ ಅಣೆಕಟ್ಟಿನ ಮಾತು ನಿಜವಾಗತೊಡಗಿತು. ಅಣೆ ಕಟ್ಟುತ್ತಾರೆ ಎಂಬ ಸುದ್ದಿ ಹಳೆಯದು. ಮಾವ ಅದನ್ನು ಮಳೆ ಬರುತ್ತದೆ ಎಂಬ ಸುದ್ದಿಯಷ್ಟೇ ನಂಬಿದ್ದರು. "ಕಾವೇರಮ್ಮ ನಮ್ ಮನೆತಂಕ ಬರೋಕೆ ದಾರಿ ಎಲ್ಲೈತೆ? ದಿನ್ನೆ ಅತ್ತಿ ಬರ್ಬೇಕು, ಅವಳ್ಗೂ ವಯ್ಸಾಗೈತೆ" ಎನ್ನುತ್ತಿದ್ದರು. ಸರ್ಕಾರದವರು ಬಂದು ಮನೆಯಿಂದಲೂ ಮೇಲೆ, ಗುಡಿಯಿಂದಲೂ ಮೇಲೆ, ದಿನ್ನೆಯ ನೆತ್ತಿಯಲ್ಲಿ ಬಿಳಿ ಕಲ್ಲು ನೆಟ್ಟು, ನೀರು ಇಲ್ಲಿಯವರೆಗೆ ಎಂದು ತೋರಿಸಿದ ಮೇಲೆ ಮಾವ ನಂಬಿದರು. ಪೆನ್ನಾಗರಂ ಕಡೆ ಗುಡ್ಡದ ಬುಡದಲ್ಲಿ ಅವರಿಗೆ ಬದಲಿ ಹೊಲ ಸಿಕ್ಕಿತು. ಅಲ್ಲಿಗೆ ನಮ್ಮ ಊರು ಹತ್ತಿರ. ಮನೆ ಕಟ್ಟುವವರೆಗೆ ನಮ್ಮಲ್ಲಿರಲಿ ಎಂದು ನನ್ನ ಅಮ್ಮ, ಅಂದರೆ ಅವರ ತಂಗಿ, ಹೇಳಿಕಳಿಸಿದಳು.

ಅಮ್ಮ ಕರೆದದ್ದು ಇಬ್ಬರನ್ನು: ಅಣ್ಣನನ್ನು ಮತ್ತು ಅತ್ತಿಗೆ ಗಿರಿಯಮ್ಮನನ್ನು. ಬಂದದ್ದು ಒಂದು ಮನೆ. ಗಾಡಿಯ ಹಿಂದೆ ಗಾಡಿ. ತೊಲೆ, ಕಂಬ, ಹೆಂಚು, ಒರಳು, ಬೀಸುಕಲ್ಲು, ದವಸ ತುಂಬುವ ಮಣ್ಣಿನ ವಾಡೆಗಳು, ದನದ ಗೂಟಗಳು, ಕೊನೆಗೆ ಒಲೆಯ ಗುಂಡುಕಲ್ಲುಗಳೂ. ನಮ್ಮಪ್ಪ ಅಂಗಳದಲ್ಲಿ ನಿಂತು ನೋಡಿ ನೋಡಿ, "ಭಾವ, ಹೊಳೆ ಒಂದ್ನ ಯಾಕ್ ಬುಟ್ಟು ಬಂದ್ರಿ? ಗಾಡಿ ಸಾಲ್ದೇ ಓಯ್ತಾ?" ಎಂದರು. ಕೊನೆಯ ಗಾಡಿಯ ಹಿಂದೆ ಗಿರಿಯಮ್ಮತ್ತೆ ನಡೆದು ಬಂದಳು. ಅವಳ ಕೈಯಲ್ಲಿ ಮುದ್ದೆ ತೊಳಸುವ ಕೋಲು ಮಾತ್ರ ಇತ್ತು.

ಮಾವನಿಗೆ ತಮ್ಮ ಚಾಲಾಕಿನ ಬಗ್ಗೆ ಬಹಳ ಹೆಮ್ಮೆ. ಊರಿನ ಬೇರೆಯವರೆಲ್ಲ ಪಾತ್ರೆಪಗಡ ಸಾಗಿಸುತ್ತ ಕೂತಿದ್ದಾಗ, ಇವರು ಹಾರೆ ತಂದು ಮೊದಲು ಬಾಗಿಲನ್ನೇ ಚೌಕಟ್ಟು, ಹೊಸ್ತಿಲುಗಳ ಸಮೇತ ಗೋಡೆಯಿಂದ ಕಿತ್ತು ಗಾಡಿಗೇರಿಸಿದ್ದರು.

"ನಿಮ್ಮತ್ತೆ ಇನ್ನೂ ಒಳಗೆ ಮುದ್ದೆ ಬೇಯಿಸ್ತಾ ಅವ್ಳೆ, ಅಳಿಯ. ನಾನು ಬಾಕ್ಲು ಕಿತ್ತಾಕ್ಬುಟ್ಟೆ. ಆಮೇಲೆ ಇಬ್ರೂ ಗೋಡೆ ಕಂಡೀಲೇ ಈಚೆಗ್ ಬಂದೋ, ಎಗ್ಗಣ ಬಂದಂಗೆ!"

ನಾವೆಲ್ಲ ನಕ್ಕೆವು. ಗಿರಿಯಮ್ಮತ್ತೆ ನಗಲಿಲ್ಲ. ಅವಳು ನಗುವುದೇ ಕಡಿಮೆ ಎಂದುಕೊಂಡು ನಾವು ಅದನ್ನು ಲೆಕ್ಕಿಸಲಿಲ್ಲ.

ತೊಲೆ, ಕಂಬಗಳನ್ನೆಲ್ಲ ಅಂಗಳದಲ್ಲಿ ಒಟ್ಟಿದ್ದಾಯಿತು. ಬಾಗಿಲಿನ ಸರದಿ ಬಂದಾಗ ಅಮ್ಮ ತಡೆದಳು. "ಅರ್ಸಿನ ಕಂಡ ಒಸ್ಲನ್ನ ನೆಲಕ್ಕೆ ಮಲಗುಸ್ತಾರಾ? ಎಣಾನಾ ಅದು?" ಸರಿ, ಅದನ್ನು ಹುಣಸೆಮರಕ್ಕೂ ಕೊಟ್ಟಿಗೆಯ ಗೋಡೆಗೂ ನಡುವೆ ನೆಟ್ಟಗೆ ನಿಲ್ಲಿಸಿ ಹಗ್ಗ ಬಿಗಿದರು. ಬಾಗಿಲಿನ ಮುಂಭಾಗ ನಮ್ಮ ಅಂಗಳದ ಕಡೆಗೆ. ಒಳಭಾಗ, ಒಳಗೆ ಎಂಬುದೊಂದು ಇದ್ದಿದ್ದರೆ, ಪಡುವಲಿಗೆ, ಹೊಳೆಯ ಕಡೆಗೆ. ಗಾಳಿಗೆ ಬಡಿದುಕೊಳ್ಳದಿರಲೆಂದು ಮಾವ ಹೊರಗಿನ ಸರಪಳಿ ಚಿಲಕ ಹಾಕಿದರು.

ಇಲ್ಲಿಂದ ಮುಂದೆ ಎಲ್ಲವೂ ಕಟ್ಟುನಿಟ್ಟಾದ ತರ್ಕದಿಂದ ನಡೆಯಿತು ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು. ಹೊಸ್ತಿಲು ನಿಂತ ಮೇಲೆ ಶುಕ್ರವಾರ ಅರಿಶಿನ ಬಳಿಯದೆ ಇರಲಾಗುವುದಿಲ್ಲ. ಅರಿಶಿನ ಬಳಿದ ಮೇಲೆ ಮುಂದೆ ಸಾರಿಸಿ ರಂಗೋಲಿ ಇಡದಿದ್ದರೆ ಆಗುವುದಿಲ್ಲ. ರಂಗೋಲಿ ಇಟ್ಟ ಮೇಲೆ ಅದನ್ನು ತುಳಿದು ದನ ಓಡಾಡುವಂತಿಲ್ಲ. ಹೀಗಾಗಿ ನಮ್ಮ ದನಗಳು ಕೊಟ್ಟಿಗೆಗೆ ಹೋಗಲು ಹಿತ್ತಿಲು ಸುತ್ತಬೇಕಾಯಿತು. ಅಪ್ಪ ಅತ್ತ ಹೋಗುವಾಗ ಮೆಟ್ಟು ಬಿಟ್ಟು ಹೋಗತೊಡಗಿದರು. "ನನ್ ತಿಪ್ಪೆಗೆ ಓಗೋಕೆ ನಾನೇ ಮಡೀಲಿ ಓಗ್ಬೇಕು, ಎಲ್ಲಾರ ಉಂಟಾ?" ಎಂದು ಗೊಣಗುತ್ತಲೇ ಬಿಟ್ಟು ಹೋಗುತ್ತಿದ್ದರು. ನಮ್ಮ ನಾಯಿಯೂ ಆ ಮನೆಯಿಲ್ಲದ ಬಾಗಿಲನ್ನು ದೂರದಿಂದ ಸುತ್ತಿಕೊಂಡು ಹೋಗುತ್ತಿತ್ತು.

ಮಾವ ಬೆಳಿಗ್ಗೆ ಎದ್ದರೆ ಪ್ರತಿಯೊಂದು ಸಾಮಾನನ್ನೂ ಮುಟ್ಟಿ ನೋಡುವರು. ಆಮೇಲೆ ಬಾಗಿಲಿನ ಮುಂದೆ ಕೂರುವರು. ಹೊಸ ಹೊಲದಲ್ಲಿ ಮನೆ ಕಟ್ಟೋಣವೆಂದರೆ, ಅಲ್ಲಿ ಸಮನಾದ ಜಾಗ ಸಾಲದು, ತೊಲೆಯನ್ನು ಒಂದಿಷ್ಟು ಕುಯ್ಯಬೇಕು. "ತೊಲೆ ಕುಯ್ಯೋಕೆ ನಾನೇನ್ ಕಟುಕನಾ?" ಎನ್ನುವರು. ಹಾಗಾದರೆ ಗುಡಿಸಲು ಹಾಕಿ ಹೊಲವನ್ನಾದರೂ ಉಳೋಣ ಎಂದು ಅತ್ತೆ ಹೇಳಿದರೆ, "ಇಷ್ಟು ಸಾಮಾನು ಬುಟ್ಟು ಎಂಗೇ ಓಗ್ಲಿ ಇವ್ಳೆ?" ಎನ್ನುವರು. ಆಷಾಢ ಹತ್ತಿರವಾಗುತ್ತಿತ್ತು. ರಾಗಿ ಬಿತ್ತುವ ಹದ ತಪ್ಪಿದರೆ ಅವರಿಗೆ ಆ ವರ್ಷ ಅನ್ನವಿಲ್ಲ. ಆದರೆ ಅತ್ತೆಯ ಭಯ ಅದಕ್ಕಿಂತ ದೊಡ್ಡದಿತ್ತು. ಮಾವ ಉಣ್ಣುವುದು ಬಿಟ್ಟಿದ್ದರು. ಮಲಗಿದರೆ ಕಣ್ಣು ತೆರೆದೇ ಇರುತ್ತಿತ್ತು. ಒಂದೆರಡು ಸಲ ಹೊಳೆಯ ದಾರಿಯಲ್ಲಿ ಬಹಳ ದೂರ ಹೋಗಿಬಿಟ್ಟವರನ್ನು ಹುಡುಕಿ ಕರೆತಂದಿದ್ದೆವು. ಎಲ್ಲಿಗೆ ಹೊರಟಿರಿ ಎಂದರೆ, "ಮನೇಗೆ" ಎಂದಿದ್ದರು.

ಆ ನಡುವೆ ತಾರಮಂಗಲಂನಿಂದ ಒಬ್ಬ ತಮಿಳು ಆಚಾರಿ ಬಂದ, ಹಳೆಯ ಮರ ಕೊಳ್ಳುವವನು. ಮಾವ ಕೊಡುವವರಲ್ಲ, ಅಪ್ಪನೇ ಗುಟ್ಟಾಗಿ ಕರೆಸಿದ್ದು. ಅವನು ಬಾಗಿಲ ಮುಂದೆ ನಿಂತು, "ನಲ್ಲ ಮರಂ, ಸಾಮಿ" ಎಂದು ಮರವನ್ನು ಮೆಚ್ಚಿ ತಲೆದೂಗಿದ. ಮರದ ಗಟ್ಟಿತನ ನೋಡಲು ಬೆರಳ ಗೆಣ್ಣಿನಿಂದ ಟಕ್, ಟಕ್ ಎಂದು ತಟ್ಟಿದ.

ಒಳಗಿಂದ ಯಾರೋ ಟಕ್, ಟಕ್ ಎಂದು ತಟ್ಟಿದರು.

ಆಚಾರಿ ಬೆರಳನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು, "ಉಳ್ಳೆ ಯಾರು ಸಾಮಿ?" ಎಂದು ನನ್ನನ್ನು ಕೇಳಿದ. ಒಳಗೆ ಯಾರೂ ಇಲ್ಲ, ಒಳಗೆ ಎಂಬುದೇ ಇಲ್ಲ ಎಂದೆ. ಅವನು ಮರವನ್ನು ಸುತ್ತಿ ಹಿಂದಕ್ಕೆ ಹೋದ. ಅಲ್ಲಿ ನಮ್ಮ ತಿಪ್ಪೆ, ಅದರಾಚೆ ಬಯಲು, ಅದರಾಚೆ ಗುಡ್ಡ. ಮತ್ತೆ ಮುಂದಕ್ಕೆ ಬಂದು ಬಾಗಿಲಿಗೆ ಕೈ ಮುಗಿದ. "ನಮಕ್ಕು ವೇಣಾಂ ಸಾಮಿ" ಎಂದು, ಬೇಡವೆಂದು ಕೈಯಾಡಿಸಿದವನು, ಅಮ್ಮ ತಂದ ಮಜ್ಜಿಗೆಯನ್ನೂ ಕುಡಿಯದೆ ನಡೆದ.

ಸೇಲಂನಲ್ಲಿ ಓದಿ ಫೇಲಾಗಿ ಬಂದವನಾದ್ದರಿಂದ ವಿಜ್ಞಾನದ ವಿಷಯದಲ್ಲಿ ಮನೆಯಲ್ಲಿ ನನ್ನ ಮಾತೇ ಕೊನೆ. ಬಿಸಿಲಿಗೆ ಮರ ಬಿರಿದು ಸದ್ದಾಗುತ್ತದೆ ಎಂದು ವಿವರಿಸಿದೆ. ಎಲ್ಲರೂ ಒಪ್ಪಿದರು. ಮರುದಿನ ಮೋಡ ಕವಿದಿತ್ತು, ಮಧ್ಯಾಹ್ನ ಮರ ಮತ್ತೆ ತಟ್ಟಿತು. ಆಮೇಲೆ ದಿನಾ ಮಧ್ಯಾಹ್ನ. ಜೋರಾಗೇನೂ ಅಲ್ಲ. ಮನೆಯವರು ಊಟಕ್ಕೆ ಕೂತಿರಬಹುದು, ತೊಂದರೆ ಕೊಡಬಾರದು ಎಂದು ಅಂಜಿಕೊಂಡು ತಟ್ಟುವವರ ಹಾಗೆ. ಮಾವ ಮಾತ್ರ ಪ್ರತಿ ಸಲವೂ, "ಬಂದೆ, ಬಂದೆ" ಎನ್ನುತ್ತಿದ್ದರು. ಎದ್ದು ಹೋಗುತ್ತಿರಲಿಲ್ಲ.

ಆಷಾಢ ಬಂತು. ನಮ್ಮಲ್ಲಿ ಬರೀ ಗಾಳಿ, ದೂಳು. ಹನಿ ಮಳೆಯಿಲ್ಲ. ಆದರೆ ಮೇಲೆ ಕೊಡಗಿನಲ್ಲಿ ಹೊಯ್ಯುತ್ತಿತ್ತು, ಹೊಳೆ ಕೆಂಪಗೆ ಬಂದು ಅಣೆಗೆ ನಿಲ್ಲುತ್ತಿತ್ತು. ಒಂದು ಬೆಳಿಗ್ಗೆ ನೋಡಿದರೆ ಹೊಸ್ತಿಲಿನ ಅರಿಶಿನ ತೊಳೆದುಹೋಗಿತ್ತು. ಅತ್ತೆ ಮತ್ತೆ ಬಳಿದಳು. ಮರುದಿನ ಅದೂ ಇಲ್ಲ. ಬಾಗಿಲಿನ ಬುಡ ಒದ್ದೆಯಾಗಿತ್ತು, ಹೊಳೆಯ ಗೋಡುಮಣ್ಣಿನ ವಾಸನೆ ಬರುತ್ತಿತ್ತು. ಮರ ನೆಲದ ತೇವವನ್ನು ಹೀರುತ್ತದೆ ಎಂದೆ. ನಮ್ಮ ನೆಲದಲ್ಲಿ ಆಗ ಹೀರಲು ತೇವವಿರಲಿಲ್ಲ ಎಂಬುದನ್ನು ಯಾರೂ ಎತ್ತಿ ಆಡಲಿಲ್ಲ. ಫೇಲಾದವನನ್ನು ಮತ್ತೆ ಫೇಲು ಮಾಡುವುದು ಚೆಂದವಲ್ಲವಲ್ಲ.

ಒದ್ದೆಯ ಗೆರೆ ಮೇಲೇರತೊಡಗಿತು. ಹೊಳೆಯ ಕಡೆಯಿಂದ ಬಂದವರು, ನೀರು ಹಳೇ ಊರಿನ ಬಾವಿಕಟ್ಟೆಗೆ ಬಂತು ಎಂದ ದಿನ ಗೆರೆ ಬಾಗಿಲಿನ ಮೊಣಕಾಲಿಗಿತ್ತು. ಗುಡಿಯ ಮೆಟ್ಟಿಲು ಮುಳುಗಿತು ಎಂದ ದಿನ ಸೊಂಟಕ್ಕೆ. ತಟ್ಟುವ ಸದ್ದೂ ಮೇಲೇರಿತು. ಮೊದಲು ನಿಂತವರ ಎದೆಯ ಮಟ್ಟದಲ್ಲಿ ಬರುತ್ತಿದ್ದುದು ಈಗ ತಲೆಯ ಮಟ್ಟಕ್ಕೆ ಹೋಗಿತ್ತು. ಕೆಲವು ದಿನ ಕಳೆದ ಮೇಲೆ ಅಡ್ಡಪಟ್ಟಿಯ ಹತ್ತಿರವೇ, ಎಂದೋ ನನ್ನ ಹಣೆ ಬಡಿದಿದ್ದ ಆ ಕಪ್ಪು ಕಲೆಯ ಬಳಿ ಕೇಳಿಸತೊಡಗಿತು. ಮಾತ್ರವಲ್ಲ, ಅದರ ಶಕ್ತಿ ಕುಂದುತ್ತಿತ್ತು.

ಅಂದು ಮಧ್ಯಾಹ್ನ ಮಾವ ಎದ್ದರು. ಒಂದು ಕೈಯಲ್ಲಿ ಹಾರೆ, ಸೊಂಟದಲ್ಲಿ ಎಲೆಅಡಿಕೆ ಚೀಲ, ಹೆಗಲ ಮೇಲೆ ಹಗ್ಗದ ಸಿಂಬೆ. ಚಿಲಕಕ್ಕೆ ಕೈ ಹಾಕಿದರು.

"ಅಮ್ಮ ಒಳಗೆ ಸಿಕ್ಕಾಕ್ಕೊಂಡವ್ಳೆ. ನಾನು ಓಗಿ ಕರ್ಕೊಂಡ್ ಬತ್ತೀನಿ."

ಅಮ್ಮ ಅಳುತ್ತ, "ಅಣ್ಣಾ, ಬ್ಯಾಡ ಕಣಣ್ಣ" ಎಂದು ಅವರ ತೋಳು ಹಿಡಿದಳು. ಗಿರಿಯಮ್ಮತ್ತೆ ಮುದ್ದೆ ಕೋಲು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಅಲ್ಲಿ ನಿಮ್ಮಮ್ಮ ಇಲ್ಲ," ಎಂದಳು.

"ಬಡಿಯೋದು ಕೇಳ್ಸಲ್ವೇನೆ ನಿಂಗೆ?"

"ಕೇಳ್ತೈತೆ. ದಿನಾ ಕೇಳ್ತೈತೆ. ಅತ್ತೆಮ್ಮನ್ನ ಈ ಒಸ್ಲು ದಾಟ್ಸಿ ಎತ್ಕೊಂಡ್ ಓದ್ರಿ. ನೀವೇ ಎಗಲು ಕೊಟ್ರಿ. ಅವ್ರು ಓಗಾಯ್ತು. ಅವ್ರ್ ಯಾಕೆ ಬಡೀತಾರೆ?"

"ಮತ್ತ್ ಯಾರು?"

"ಒಸ್ಲು ದಾಟ್ದೇ ಬಂದೋರು ಯಾರು? ಬಾಕ್ಲು ಇಲ್ದಿದ್ ಕಂಡೀಲಿ ಎಗ್ಗಣದಂಗೆ ನುಗ್ಗಿ ಬಂದೋರು ಯಾರು?" ಅತ್ತೆಯ ದನಿ ಏರಲಿಲ್ಲ. "ಇಲ್ಲಿಗೆ ಬಂದಿರೋದು ಸಾಮಾನು. ನಾವಿನ್ನೂ ಬಂದಿಲ್ಲ. ಅಲ್ಲೇ ಇದೀವಿ. ಬಡೀತಿರೋದು ನಾವೇ."

ಗಾಳಿ ನಿಂತಿತ್ತೋ, ನನಗೆ ಹಾಗೆನಿಸಿತೋ ತಿಳಿಯದು. ಅತ್ತೆಯ ಬೆನ್ನ ಹಿಂದೆ, ಮೇಲೆ, ಬಹಳ ಸಣ್ಣಗೆ ಒಂದು ಸಲ ಟಕ್ ಎಂದಿತು.

ಮಾವನ ಕೈಯಿಂದ ಹಾರೆ ಜಾರಿತು. "ಮತ್ತೆ ಈಗೇನ್ ಮಾಡಾದು?" ಎಂದು ಚಿಕ್ಕ ಮಗುವಿನಂತೆ ಕೇಳಿದರು.

"ಒಳಗಡೆಯಿಂದ ಬರಾದು. ಬರೀಗೈಲಿ. ಏನಾರ ಇಡ್ಕೊಂಡ್ರೆ ಮತ್ತೆ ಮನೇನೇ ಬಂದಂಗಾಯ್ತದೆ."

ಅವಳು ಮುದ್ದೆ ಕೋಲನ್ನು ಅಮ್ಮನ ಕೈಗೆ ಕೊಟ್ಟಳು. ಮಾವನ ಹೆಗಲಿಂದ ಹಗ್ಗ ತೆಗೆದಳು. ಸೊಂಟದ ಚೀಲಕ್ಕೆ ಕೈ ಹಾಕಿದಾಗ ಮಾತ್ರ ಮಾವ, "ಒಂದು ಎಲೆನಾದ್ರೂ..." ಎಂದರು. "ಬುಡಿ ಅತ್ಲಾಗೆ" ಎಂದು ಕಿತ್ತುಕೊಂಡಳು. ಇಬ್ಬರೂ ಹುಣಸೆಮರವನ್ನು ಸುತ್ತಿ ಬಾಗಿಲಿನ ಹಿಂದಕ್ಕೆ ಹೋದರು. ಹೋಗುವ ಮುಂಚೆ ಅತ್ತೆ ನನಗೆ, "ನಾವ್ ತಟ್ಟಿದ್ ಮ್ಯಾಲೆ ಚಿಲ್ಕ ತಗಿ, ಅಳಿಯ. ಮೊದ್ಲು ತಗೀಬ್ಯಾಡ" ಎಂದಳು.

ನಾನು ಬಾಗಿಲ ಮುಂದೆ ನಿಂತೆ. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಹಿಂದಕ್ಕೆ ಹೋಗಿ ಇಣುಕಿ ನೋಡಬಹುದಿತ್ತು, ಒಂದು ಗೋಡೆಯೂ ಅಡ್ಡವಿರಲಿಲ್ಲ. ನೋಡಲಿಲ್ಲ. ಅಪ್ಪನೂ ನೋಡಲಿಲ್ಲ. ಕೊನೆಗೆ ಬಾಗಿಲಿನ ನಡುಮಟ್ಟದಲ್ಲಿ, ಮನುಷ್ಯರು ತಟ್ಟುವ ಜಾಗದಲ್ಲಿ, ಗಟ್ಟಿಯಾಗಿ ತಟ್ಟಿದರು. ಚಿಲಕ ತಣ್ಣಗೆ ಕೊರೆಯುತ್ತಿತ್ತು. ತೆಗೆದೆ.

ಮೊದಲು ಮಾವ ಬಂದರು. ಅಡ್ಡಪಟ್ಟಿಗೆ ತಲೆ ಬಗ್ಗಿಸಿದರು, ಹೊಸ್ತಿಲು ದಾಟಿದರು. ಹಿಂದೆ ಅತ್ತೆ, ತಲೆ ಮೇಲೆ ಸೆರಗು. ಇಬ್ಬರೂ ದೂರದ ಊರಿಂದ ಈಗ ತಾನೇ ಬಂದು ಇಳಿದವರ ಹಾಗೆ ನಮ್ಮ ಮುಖಗಳನ್ನು ನೋಡಿದರು. ಅಮ್ಮ, ಮನೆಗೆ ಬಂದ ನೆಂಟರನ್ನು ಕೇಳುವಂತೆ, "ಬಂದ್ಯಾ ಅಣ್ಣ?" ಎಂದಳು.

"ಊಂ, ಬಂದೆ ಕಣಮ್ಮಿ," ಎಂದರು ಮಾವ. "ಒಟ್ಟೆ ಅಸೀತೈತೆ."

ಅವರ ಬಟ್ಟೆ ಎದೆಯವರೆಗೂ ನೆನೆದು ನೀರು ಸೋರುತ್ತಿತ್ತು. ಬಾಗಿಲ ಹಿಂದೆ ದನಗಳಿಗೆ ನೀರಿಡುವ ಬಾನಿಯೊಂದು ಇತ್ತು, ಅದನ್ನು ಎಡವಿರಬಹುದೆಂದು ನಾನು ವಿವರಿಸಿದೆ. ಬಾನಿ ಎಷ್ಟೋ ದಿನದಿಂದ ಒಣಗಿತ್ತು. ವಿಜ್ಞಾನದ ವಿಷಯದಲ್ಲಿ ನಾನು ಮನೆಯವರ ಮುಂದೆ ಬಾಯಿ ಬಿಟ್ಟದ್ದು ಅದೇ ಕೊನೆ.

ಅಂದು ಮಾವ ಎಷ್ಟು ಮುದ್ದೆ ಉಂಡರೆಂದು ಹೇಳಿದರೆ ದೃಷ್ಟಿಯಾದೀತು. ಉಂಡವರು ಒಟ್ಟಿದ ತೊಲೆಗಳ ನೆರಳಿನಲ್ಲಿ ಬಾಯಿ ತೆರೆದು ಗೊರಕೆ ಹೊಡೆದರು. ಸಾಮಾನುಗಳು ಒಂದೊಂದಾಗಿ ಹೋದವು. ತೊಲೆಯನ್ನು ಮಾರಂಡಹಳ್ಳಿಯ ನೆಂಟರೊಬ್ಬರು ಒಯ್ದು, ಕುಯ್ದು, ಮನೆ ಕಟ್ಟಿಕೊಂಡರು. ವಾಡೆಗಳು ಕೇಳಿದವರ ಪಾಲಾದವು. ಹೆಂಚು ನಮ್ಮ ಕೊಟ್ಟಿಗೆಗೆ ಏರಿತು; ಅಪ್ಪ ಅದನ್ನು, "ಬಾಡಿಗೆ" ಎಂದರು. ಬಾಗಿಲು ಒಣಗಿ ಹಗುರವಾಯಿತು. ಎಲ್ಲಿಂದಲೋ ಸುದ್ದಿ ತಿಳಿದು ಅದೇ ಆಚಾರಿ ಮತ್ತೆ ಬಂದ, ದೂರ ನಿಂತು ಒಂದು ಕಲ್ಲೆಸೆದು ತಟ್ಟಿ ನೋಡಿದ. ಉತ್ತರ ಬರಲಿಲ್ಲ. ಹೊಸ್ತಿಲಿಗೆ ಕೈ ಮುಗಿದು ಬಿಚ್ಚಿಕೊಂಡು ಹೋದ. ಅತ್ತೆ ಚಿಲಕವನ್ನು ಮಾತ್ರ ತೆಗೆಸಿ ನನ್ನ ಕೈಲಿಟ್ಟು, "ಇದು ಒಳಗಿಂದಲ್ಲ, ಒರಗಿಂದು. ನೀನು ತಗ್ದೆ, ನೀನೇ ಮಡಿಕ್ಕೊ" ಎಂದಳು.

ಮುಂದೊಂದು ಬೇಸಿಗೆ ಅಣೆಯ ನೀರು ಬಹಳ ಇಳಿದಾಗ ಮೀನು ಹಿಡಿಯುವವರು ಹಳೆಯ ಊರನ್ನು ಕಂಡು ಬಂದರು. ಮಾದಪ್ಪನ ಮನೆಯ ಗೋಡೆ ಇನ್ನೂ ನಿಂತಿದೆ, ಬಾಗಿಲಿದ್ದ ಕಂಡಿಯಿಂದ ಇಬ್ಬರು ಹೊರಗೆ ನಡೆದ ಹೆಜ್ಜೆಗಳು ಕೆಸರಿನಲ್ಲಿ ಒಣಗಿ ಕೂತಿವೆ, ಒಳಗೆ ಹೋದ ಹೆಜ್ಜೆ ಒಂದೂ ಇಲ್ಲ ಎಂದರು. ಮೀನು ಹಿಡಿಯುವವರ ಮಾತನ್ನು ಮೀನಿನ ಉದ್ದದ ವಿಷಯದಲ್ಲೇ ನಂಬುವಂತಿಲ್ಲ. ಮಾವ, ಅತ್ತೆ ಗುಡಿಸಲು ಹಾಕಿಕೊಂಡಿದ್ದ ಗುಡ್ಡದ ಬುಡದ ಹೊಲಕ್ಕೆ ನಾನು ಹೋಗಿ ಮಾವನಿಗೆ ಇದನ್ನು ಹೇಳಿದೆ. ಗುಡಿಸಲಲ್ಲಿ ಒಂದು ಚಾಪೆ, ಒಂದು ಗಡಿಗೆ, ಬೀಸುಕಲ್ಲು, ಮೂಲೆಯಲ್ಲಿ ಆ ಮುದ್ದೆ ಕೋಲು. ಮಾವ ಚಾಪೆಯ ಮೇಲೆ ಮಲಗಿಯೇ ಕೇಳಿದರು.

"ಅಂಗಾ?" ಎಂದು ಮಗ್ಗುಲಾಗಿ ನಿದ್ದೆ ಹೋದರು.

ಬಾಗಿಲು ದಾಟಿದ ವರ್ಷ ಮಳೆ ತಡವಾಗಿ ಬಂತು. ಅದರಿಂದ ಮಾವ ಸಮಯಕ್ಕೇ ಬಿತ್ತಿದಂತಾಯಿತು, ರಾಗಿ ಸುಮಾರಾಗಿ ಆಯಿತು. ಗುಡಿಸಲಿಗೆ ಅವರು ಬಾಗಿಲು ಇಡಿಸಲಿಲ್ಲ.